ಯುಗಾದಿ ಅಮಾವಾಸ್ಯೆಯ ನೂರಾ ಹತ್ತು

ಕಾರಿನ ಹೆಡ್‌ಲೈಟು ಇಲ್ಲೇ ಆರಿಸಿಬಿಡಿ. ಇನ್ನು ನೂರು ಮಾರು ಅಷ್ಟೆ, ಬಂಡಿ ಜಾಡು ನೇರವಾಗಿದೆ. ಎಡಕ್ಕೆ ಕಳ್ಳಿಬೇಲಿ, ಬಲಕ್ಕೆ ಶೇಂಗಾ ಕಿತ್ತ ಮೇಲೆ ಬೀಳುಬಿಟ್ಟ ಹೊಲ. ಹೊಲದ ನಡುವೆ ಕೆಂಪಗೆ ಮಿಣುಕುತ್ತಿರುವುದು ಕೊಳ್ಳಿದೆವ್ವವಲ್ಲ, ನಮ್ಮವರೇ. ಇಳಿಯುವಾಗ ಮೊಬೈಲು ಜೇಬಿನಲ್ಲೇ ಇರಲಿ. ಗಂಟೆ ಎಷ್ಟೆಂದು ಬೇಕಿದ್ದರೆ ಕೇಳಿ, ಹೇಳುತ್ತೇವೆ: ಏಳು ಕಾಲು.

ಹಿರಿಯೂರಿನ ಹತ್ತಿರ ಹೆದ್ದಾರಿ ಬಿಟ್ಟು ಅರ್ಧ ಗಂಟೆ ಒಳಗೆ ಬಂದಿದ್ದೀರಿ. ನಾಳೆ ಯುಗಾದಿ. ಬೆಂಗಳೂರಿನಿಂದ ಇವತ್ತು ಹೊರಟವರೆಲ್ಲ ಹಬ್ಬಕ್ಕೆ ಊರು ಸೇರಲು ಹೊರಟವರು. ನಾವು ಆರು ಜನ ಮಾತ್ರ ಹಬ್ಬದ ಹಿಂದಿನ ರಾತ್ರಿ ಮನೆ ಬಿಟ್ಟು ಬಯಲಿಗೆ ಬಂದವರು. ಮನೆಗಳಲ್ಲಿ ಇದಕ್ಕೆ ಏನೇನು ಅನ್ನಿಸಿಕೊಂಡಿದ್ದೇವೆ ಅನ್ನುವುದು ಬೇಡ. ಮಾವಿನೆಲೆ, ಬೇವಿನ ಹೂ ಬೆಳಗ್ಗೆ ಇಲ್ಲಿಂದಲೇ ಕೊಯ್ದು ತರುತ್ತೇನೆ ಅಂತ ಮಾತು ಕೊಟ್ಟ ಮೇಲೇ ನನಗೆ ಕಾರಿನ ಕೀ ಸಿಕ್ಕಿದ್ದು.

ತಪ್ಪು ನಮ್ಮದಲ್ಲ, ಚಾರ್ಲ್ಸ್ ಮೆಸ್ಸಿಯೆ ಅನ್ನುವ ಫ್ರೆಂಚರವನದು. ಧೂಮಕೇತು ಹುಡುಕುವುದೇ ಅವನ ಹುಚ್ಚು. ಹುಡುಕುವಾಗ ಧೂಮಕೇತುವಿನಂತೆಯೇ ಮಸುಕಾಗಿ ಕಾಣುವ, ಆದರೆ ಜಾಗ ಬಿಟ್ಟು ಕದಲದ ಮೋಡದಂಥ ಚುಕ್ಕೆಗಳು ಅಡ್ಡ ಬರುತ್ತಿದ್ದವು. 1758ರಲ್ಲಿ ಒಂದು ಹಾಗೆ ಅವನನ್ನು ಏಮಾರಿಸಿತು. ಮತ್ತೆ ಏಮಾರಬಾರದೆಂದು ಅಂಥವನ್ನೆಲ್ಲ ಪಟ್ಟಿ ಮಾಡುತ್ತಾ ಹೋದ. ‘ಇವನ್ನು ನೋಡಬೇಡಿ’ ಎಂದು ಬರೆದಿಟ್ಟ ಆ ಪಟ್ಟಿಯನ್ನೇ ಇನ್ನೂರೈವತ್ತು ವರ್ಷದ ಮೇಲೂ ಜನ ಹುಡುಕಿ ಹುಡುಕಿ ನೋಡುತ್ತಿದ್ದಾರೆ. ಆಮೇಲಿನವರು ಸೇರಿಸಿದ್ದೂ ಸೇರಿ ಈಗ ಲೆಕ್ಕ 110: ಗೆಲಾಕ್ಸಿಗಳು, ನಕ್ಷತ್ರ ಗುಚ್ಛಗಳು, ನೀಹಾರಿಕೆಗಳು. ವರ್ಷಕ್ಕೊಮ್ಮೆ, ಮಾರ್ಚ್ ನಡುವಿನಿಂದ ಏಪ್ರಿಲ್ ಮೊದಲವರೆಗೆ, ಸೂರ್ಯ ಆಕಾಶದಲ್ಲಿ ಈ ಪಟ್ಟಿಯ ಯಾವ ವಸ್ತುವೂ ಹತ್ತಿರವಿಲ್ಲದ ಖಾಲಿ ಜಾಗದಲ್ಲಿರುತ್ತಾನೆ. ಆಗ ಅಮಾವಾಸ್ಯೆ ಬಿದ್ದರೆ ಸಂಜೆಯಿಂದ ಬೆಳಗಿನೊಳಗೆ ನೂರಾ ಹತ್ತನ್ನೂ ಓಡೋಡಿ ನೋಡಬಹುದು. ಇದಕ್ಕೆ ಮೆಸ್ಸಿಯೆ ಮ್ಯಾರಥಾನ್ ಎಂದು ಹೆಸರು. 1985ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಗೆರಿ ರ್‍ಯಾಟ್ಲಿ ಎಂಬಾತ ಮೊದಲ ಬಾರಿಗೆ ಪೂರ್ತಿ ಪಟ್ಟಿ ಮುಗಿಸಿದ. ಆ ಅಮಾವಾಸ್ಯೆ ನಮಗೆ ಬಹಳ ಸಲ ಯುಗಾದಿ ಅಮಾವಾಸ್ಯೆಯೇ ಆಗಿರುತ್ತದೆ. ಪಂಚಾಂಗಕ್ಕೂ ಪ್ಯಾರಿಸ್ಸಿಗೂ ಹೀಗೊಂದು ಗಂಟು.

ಬನ್ನಿ, ಕತ್ತಲಾಗುವ ಮೊದಲು ಎಲ್ಲೆಲ್ಲಿ ಏನಿದೆ ನೋಡಿಕೊಳ್ಳಿ. ಆಮೇಲೆ ಎಡವಿದರೆ ಬೈಸಿಕೊಳ್ಳುತ್ತೀರಿ. ಆ ಉದ್ದನೆಯ ಬಿಳಿ ಕೊಳವೆ ಮೇಷ್ಟ್ರದು. ನಿವೃತ್ತ ಹೈಸ್ಕೂಲು ಮೇಷ್ಟ್ರು. ಎಂಟಿಂಚಿನ ಕನ್ನಡಿಯನ್ನು ಮೂರು ತಿಂಗಳು ಕೂತು ತಾವೇ ಉಜ್ಜಿ ಮಾಡಿಕೊಂಡವರು. ಗಾಜಿನ ಬಿಲ್ಲೆಯ ಮೇಲೆ ಗಾಜಿನ ಬಿಲ್ಲೆ, ನಡುವೆ ಕಾರ್ಬೊರಂಡಂ ಪುಡಿ ಮತ್ತು ನೀರು. ಉಜ್ಜುತ್ತಾ ಉಜ್ಜುತ್ತಾ ಮೇಲಿನದು ತಗ್ಗುತ್ತದೆ, ಕೆಳಗಿನದು ಉಬ್ಬುತ್ತದೆ. ಕೊನೆಯ ಪಾಲಿಶ್‌ನಲ್ಲಿ ತಲೆಗೂದಲ ದಪ್ಪದ ಐನೂರರಲ್ಲಿ ಒಂದು ಪಾಲಿನಷ್ಟು ಡೊಂಕು ಉಳಿದರೂ ನಕ್ಷತ್ರ ಚುಕ್ಕಿಯಾಗದೆ ಹಿಟ್ಟಿನ ಉಂಡೆಯಾಗುತ್ತದೆ. ಅವರ ಪಕ್ಕದಲ್ಲಿ ರಟ್ಟು, ಪೆನ್ಸಿಲು ಹಿಡಿದು ಕೂತವರು ಬ್ಯಾಂಕಿನವರು, ನಮ್ಮ ಲೆಕ್ಕಿಗರು. ಆಚೆ ಮೂರು ಕಾಲಿನ ಮೇಲೆ ಗಿಡ್ಡ ದೂರದರ್ಶಕ, ಅದಕ್ಕೆ ಸುತ್ತಿದ ವೈರುಗಳ ಜಡೆ, ಕೆಳಗೆ ಬ್ಯಾಟರಿ — ಅದು ಡಾಕ್ಟರಮ್ಮನದು. ಹಗಲು ಹಲ್ಲಿನ ಡಾಕ್ಟರು, ಅಮಾವಾಸ್ಯೆಗೆ ಆಕಾಶದ ಫೋಟೋಗ್ರಾಫರು. ಆ ಇಬ್ಬರು ಸಾಫ್ಟ್‌ವೇರ್ ಹುಡುಗರು ಅವರ ಶಿಷ್ಯರು. ಅವರವೂ ಒಂದೊಂದು ಸ್ಟ್ಯಾಂಡು, ಒಂದೊಂದು ಕ್ಯಾಮೆರಾ.

ಡಾಕ್ಟರಮ್ಮ ಈಗ ಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದಾರೆ. ಸ್ಟ್ಯಾಂಡಿನ ಒಂದು ಕಾಲಿನ ಕೆಳಗೆ ಇಟ್ಟಿಗೆ ತುರುಕುತ್ತಿದ್ದಾರೆ. ನಗಬೇಡಿ. ಭೂಮಿ ತಿರುಗುವುದಕ್ಕೆ ಸರಿಯಾಗಿ ದೂರದರ್ಶಕವೂ ತಿರುಗಬೇಕಾದರೆ ಅದರ ಅಕ್ಷ ಧ್ರುವದ ಕಡೆ ನೆಟ್ಟಗೆ ನೋಡಬೇಕು. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಸುಮಾರು 14 ಡಿಗ್ರಿ ಎತ್ತರ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ. ಈ ಯಂತ್ರಗಳನ್ನು ಮಾಡುವವರ ಮನಸ್ಸಿನಲ್ಲಿರುವುದು ಧ್ರುವ ನಡು ಆಕಾಶಕ್ಕೇರುವ ಯೂರೋಪು, ಅಮೆರಿಕ. ಹಿರಿಯೂರಿಗೆ ತಂದರೆ ಯಂತ್ರ ಮಲಗಿಯೇ ಬಿಡಬೇಕು. ಅರ್ಧ ಬಗ್ಗುವಷ್ಟರಲ್ಲಿ ತೂಕದ ಕಂಬಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಅದಕ್ಕೇ ಇಟ್ಟಿಗೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಈ ಹೊಲದ ಒಡೆಯರಾದ ಗೌಡ್ರ ಕೊಟ್ಟಿಗೆಯ ಇಟ್ಟಿಗೆಯ ಮೇಲೆ ನಿಂತು ಧ್ರುವನನ್ನು ನೋಡುತ್ತದೆ.

“ಶುರು ಮಾಡಿ, ಶುರು ಮಾಡಿ! ಮೂವತ್ತೊಂದು ಹೋಗ್ತಾ ಇದೆ!”

ಬ್ಯಾಂಕಿನವರ ಕೂಗು. ಏಳೂ ಇಪ್ಪತ್ತೈದು. ಪಶ್ಚಿಮದಲ್ಲಿ ಹಳದಿ ಇನ್ನೂ ಪೂರ್ತಿ ಆರಿಲ್ಲ, ಅಷ್ಟರಲ್ಲೇ ಪಟ್ಟಿಯ ಮೂವತ್ತೊಂದನೆಯದು, ದೇವಯಾನಿ ಗೆಲಾಕ್ಸಿ, ಇಳಿಯುತ್ತಿದೆ. ಮೇಷ್ಟ್ರು ಕೊಳವೆಯನ್ನು ನೆಲಕ್ಕೆ ಸಮ ಮಾಡಿ, ಬಗ್ಗಿ, ಉಸಿರು ಬಿಗಿಹಿಡಿದಿದ್ದಾರೆ. “ಸಿಕ್ತು. ಮೂವತ್ತೊಂದು. ಪಕ್ಕದಲ್ಲಿ ಮೂವತ್ತೆರಡು.” ನಿಮ್ಮನ್ನು ತೋಳು ಹಿಡಿದು ಎಳೆಯುತ್ತಾರೆ. ಧೂಳಿನ ಕೆಂಪಿನಲ್ಲಿ ಅದ್ದಿದ ಹತ್ತಿಯ ತುಣುಕಿನಂಥದು. 25 ಲಕ್ಷ ವರ್ಷ ಹಾದು ಬಂದದ್ದನ್ನು ನೀವು ಮೂರು ಸೆಕೆಂಡು ನೋಡಿದಿರಿ. ಹಿಂದೆ ಸಾಲು ನಿಂತಿದೆ, ಸರಿಯಿರಿ. ಅದೇ ದೃಶ್ಯದಲ್ಲಿರಬೇಕಾದ 110ನೆಯದು ಕಾಣಲಿಲ್ಲ. ಧೂಳು ನುಂಗಿತು. ಮೂವತ್ಮೂರು ಸಿಕ್ಕಿತು ಎಂದು ಮೇಷ್ಟ್ರು ಮಾತ್ರ ಹೇಳಿದರು, ನಾವು ನಂಬಿದೆವು. ಎಪ್ಪತ್ತನಾಲ್ಕಕ್ಕೆ ಹತ್ತು ನಿಮಿಷ ತಡಕಾಡಿ ಕೈಬಿಟ್ಟರು. ಎಪ್ಪತ್ತೇಳು ಸಿಕ್ಕಿತು. ಬ್ಯಾಂಕಿನವರು ಹೌಸಿ ಆಟದಲ್ಲಿ ನಂಬರು ಕೂಗುವಂತೆ ಕೂಗಿ ರಟ್ಟಿನ ಮೇಲೆ ಗೀಟು ಹಾಕುತ್ತಾರೆ.

ಅಮೆರಿಕದ ಮ್ಯಾರಥಾನಿಗರಿಗೆ ಬೆಳಗಿನ ಜಾವದ ಎಂ 30, ಅಂದರೆ ಮೆಸ್ಸಿಯೆ 30, ಗಂಟಲ ಮುಳ್ಳು. ಅಲ್ಲಿ ಅದು ಸೂರ್ಯನ ಬೆನ್ನಿಗೆ ಅಂಟಿಕೊಂಡೇ ಹುಟ್ಟುತ್ತದೆ. ದಕ್ಷಿಣದಲ್ಲಿರುವ ನಮಗೆ ಕಷ್ಟವೆಲ್ಲ ಸಂಜೆಯ ಈ ಅರ್ಧ ಗಂಟೆಯಲ್ಲೇ.

ಎಂಟೂವರೆ ಹೊತ್ತಿಗೆ ನಿಮ್ಮ ಕಣ್ಣು ಬದಲಾಗಿದೆ, ಗಮನಿಸಿದಿರಾ? ಬಂದಾಗ ಕಾಣದ ಕಳ್ಳಿಯ ಮುಳ್ಳುಗಳು ಈಗ ಬರೀ ಚುಕ್ಕಿಗಳ ಬೆಳಕಿನಲ್ಲೇ ಬೇರೆ ಬೇರೆ ಕಾಣುತ್ತಿವೆ. ಕಣ್ಣಿನ ಪರದೆಯಲ್ಲಿ ಕತ್ತಲಿಗೆ ಬೇಕಾದ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಯಾರದೋ ಮೊಬೈಲಿನ ಒಂದು ಮಿಂಚು ಸಾಕು, ಮತ್ತೆ ಮೊದಲಿನಿಂದ. ಕೆಂಪು ಬೆಳಕಿಗೆ ಮಾತ್ರ ಅದು ಅಷ್ಟಾಗಿ ಕೆಡುವುದಿಲ್ಲ. ಅದಕ್ಕೇ ಎಲ್ಲರ ಟಾರ್ಚಿನ ಬಾಯಿಗೂ ಕೆಂಪು ಜಿಲೆಟಿನ್ ಕಾಗದ. ಪಶ್ಚಿಮದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. ಅದು ಪರವಾಗಿಲ್ಲ. ಊರಿನ ಸರ್ಕಲ್ಲಿಗೆ ಹೊಸದಾಗಿ ಬಂದಿರುವ ಹೈಮಾಸ್ಟ್ ದೀಪವೇ ನಮ್ಮ ಶತ್ರು. ನೆಲ ಬೆಳಗಬೇಕಾದ್ದು ಆಕಾಶವನ್ನೇ ಬೆಳಗುತ್ತಿದೆ, ಪೂರ್ವದ ಒಂದು ಮೂಲೆ ಹಾಲು ಬೆರೆತ ಸುಣ್ಣದ ನೀರಿನ ಹಾಗಾಗಿದೆ. ಊರಿನವರಿಗೆ ಬೆಳಕು ಬಂತೆಂದು ಸಂತೋಷ. ಅವರ ಮುಂದೆ ನಾವು ಯಾವ ಬಾಯಲ್ಲಿ ಕತ್ತಲು ಕೇಳುವುದು?

ಅಮಾವಾಸ್ಯೆ ರಾತ್ರಿ, ಬಯಲು, ಕೆಂಪು ದೀಪ, ಗುಸುಗುಸು ಮಾತು. ಚಿತ್ರದುರ್ಗ ಸೀಮೆಯಲ್ಲಿ ಇದಕ್ಕೆ ಒಂದೇ ಅರ್ಥ. ಮೊದಲ ವರ್ಷ ಇಲ್ಲಿಗೆ ಬಂದಾಗ ಎರಡು ಬೈಕಿನಲ್ಲಿ ನಾಲ್ಕು ಜನ ಬಂದು ಸುತ್ತುವರಿದಿದ್ದರು. “ನಿಧಿ ಎಲ್ಲಿ ಅಗೀತಿದೀರಿ?” ಒಬ್ಬರ ಕೈಯಲ್ಲಿ ದೊಣ್ಣೆಯೂ ಇತ್ತು. ಮೇಷ್ಟ್ರು ಏನೂ ವಾದ ಮಾಡದೆ ಕೊಳವೆಯನ್ನು ಮಹಾವ್ಯಾಧ ನಕ್ಷತ್ರಪುಂಜದ ಖಡ್ಗದ ಕಡೆ ತಿರುಗಿಸಿ, “ಮೊದಲು ದೊಣ್ಣೆ ಹಿಡಿದವರು ಬನ್ನಿ” ಅಂದರು. ಆತ ಬಗ್ಗಿ ನೋಡಿದ. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಉಳಿದ ಮೂವರಿಗೆ ಆತನೇ ಸಾಲು ಹಚ್ಚಿದ.

ಇವತ್ತೂ ಅದು ಅಲ್ಲೇ ಇದೆ, ಪಶ್ಚಿಮಕ್ಕೆ ವಾಲುತ್ತಾ. ಮೂರು ನಕ್ಷತ್ರದ ನಡುಪಟ್ಟಿಯ ಕೆಳಗೆ ಎಂ 42. ಬಗ್ಗಿ. ಬಾವಲಿ ರೆಕ್ಕೆ ಬಿಚ್ಚಿದ ಹಾಗೆ ಬೂದು-ಹಸಿರು ಮಂಜು, ಒಳಗೆ ನಾಲ್ಕು ನಕ್ಷತ್ರ ಒತ್ತೊತ್ತಾಗಿ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ಸುಮಾರು 1,300 ಜ್ಯೋತಿರ್ವರ್ಷ ದೂರ. ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಬೆಳಕು. ಇದಕ್ಕೆ ಸಾಲಿನಲ್ಲಿ ಯಾರೂ ಅವಸರ ಮಾಡುವುದಿಲ್ಲ, ಎಷ್ಟು ಹೊತ್ತಾದರೂ ನೋಡಿ.

ಹತ್ತು ಗಂಟೆಗೆ ಮಂಡಕ್ಕಿ ಒಗ್ಗರಣೆ, ತಣ್ಣಗಾದ ಮೆಣಸಿನಕಾಯಿ ಬಜ್ಜಿ, ಫ್ಲಾಸ್ಕಿನ ಚಹಾ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ತಿನ್ನಿ. ತಿನ್ನುತ್ತಲೇ ಡಾಕ್ಟರಮ್ಮನ ಹತ್ತಿರ ಬನ್ನಿ. ಹಳೆಯ ಟಿವಿ ಬಂದ ರಟ್ಟಿನ ಪೆಟ್ಟಿಗೆಯೊಳಗೆ ಲ್ಯಾಪ್‌ಟಾಪು, ಅದರ ಪರದೆಗೂ ಕೆಂಪು ಹಾಳೆ, ಮೇಲೆ ಕಂಬಳಿ. ತಲೆ ತೂರಿಸಿ. ಎರಡು ಗೆರೆಗಳು ಹೃದಯ ಬಡಿತದ ಪಟ್ಟಿಯಂತೆ ಕುಣಿಯುತ್ತಿವೆ. ಎರಡನೆಯ ಪುಟ್ಟ ಕ್ಯಾಮೆರಾ ಒಂದೇ ಒಂದು ನಕ್ಷತ್ರವನ್ನು ದಿಟ್ಟಿಸುತ್ತಿದ್ದು, ಅದು ಕೂದಲೆಳೆ ಅಲುಗಿದರೂ ಮೋಟಾರಿಗೆ ಸನ್ನೆ ಕೊಡುತ್ತದೆ.

“ನೋಡಿ, ಬಂತು.” ಮೂರು ನಿಮಿಷ ತೆರೆದಿದ್ದ ಕ್ಯಾಮೆರಾ ಮುಚ್ಚಿಕೊಂಡಿತು. ಪರದೆಯ ಮೇಲೆ ಏನೂ ಇಲ್ಲ! ಕಪ್ಪು, ಅದರಲ್ಲಿ ಉಪ್ಪು ಚೆಲ್ಲಿದ ಹಾಗೆ ಒಂದಷ್ಟು ಚುಕ್ಕಿ. ನಿಮ್ಮ ಮುಖ ನೋಡಿ ಡಾಕ್ಟರಮ್ಮನಿಗೆ ನಗು. ಒಂದು ಗುಂಡಿ ಒತ್ತುತ್ತಾರೆ, ಕಪ್ಪು ಬೂದಿಯಾಗುತ್ತದೆ, ಬೂದಿಯೊಳಗಿಂದ ಸಣ್ಣ ಸಣ್ಣ ಎಣ್ಣೆಯ ಕಲೆಗಳು ಒಂದು ಬಿಲ್ಲಿನಂತೆ ಸಾಲಾಗಿ ಮೇಲೇಳುತ್ತವೆ. ಮಾರ್ಕೇರಿಯನ್ನನ ಸರಪಳಿ, ಕನ್ಯಾ ರಾಶಿಯ ಗೆಲಾಕ್ಸಿಗಳ ಸಾಲು. ಪಟವೆಲ್ಲ ಕಾಳುಕಾಳಾಗಿದೆ. ಆ ಕಾಳು ಹೋಗಬೇಕಾದರೆ ಇಂಥ ಪಟಗಳನ್ನು ಒಂದರ ಮೇಲೊಂದು ಪೇರಿಸಬೇಕು. ನಾಲ್ಕು ಪಟ ಪೇರಿಸಿದರೆ ಕಾಳು ಅರ್ಧ. ಇನ್ನೂ ಅರ್ಧ ಮಾಡಬೇಕೆಂದರೆ ಹದಿನಾರು. ಮತ್ತೆ ಅರ್ಧಕ್ಕೆ ಅರವತ್ತನಾಲ್ಕು. ಈ ಲೆಕ್ಕದ ಕ್ರೌರ್ಯವೇ ಈ ಹವ್ಯಾಸದವರನ್ನು ಒಟ್ಟು ಮಾಡಿದ್ದು ಅನ್ನುವುದು ನನ್ನ ಗುಮಾನಿ. ಒಬ್ಬೊಬ್ಬರೇ ಕೂತರೆ ವರ್ಷವಾದರೂ ಮುಗಿಯದು. ಈಗ ಹುಡುಗರಿಬ್ಬರ ಕ್ಯಾಮೆರಾವೂ ಅದೇ ಸರಪಳಿಯನ್ನೇ ನೋಡುತ್ತಿವೆ. ಮೂವರ ಪಟಗಳೂ ನಾಳೆ ಒಂದೇ ರಾಶಿಗೆ ಬೀಳುತ್ತವೆ. ಆಮೇಲೆ ಆ ಚಿತ್ರ ಯಾರದು? ಹೋದ ವರ್ಷ ಈ ಪ್ರಶ್ನೆಗೆ ಹುಡುಗರು ಒಂದು ತಿಂಗಳು ಮಾತು ಬಿಟ್ಟಿದ್ದರು. ಈಗ ಮೂರೂ ಹೆಸರು ಹಾಕುತ್ತಾರೆ, ಇಟ್ಟಿಗೆ ಕೊಟ್ಟ ಗೌಡ್ರನ್ನು ಬಿಟ್ಟು.

“ಅಷ್ಟು ಬಣ್ಣ ಯಾರಿಗೆ ಕಂಡಿದೆ? ಅದು ಆಕಾಶ ಅಲ್ಲ, ಅಡುಗೆ” — ಮೇಷ್ಟ್ರ ದನಿ ಕತ್ತಲಿನಿಂದ. ಪ್ರತಿ ಅಮಾವಾಸ್ಯೆಗೂ ಹತ್ತು ಗಂಟೆಗೆ ಸರಿಯಾಗಿ ಈ ಜಗಳ ಆಗಲೇಬೇಕು.

“ಕತ್ತಲಲ್ಲಿ ಕಣ್ಣಿಗೆ ಬಣ್ಣ ಕಾಣದೇ ಇದ್ದರೆ ಅದು ಕಣ್ಣಿನ ದೋಷ, ಸಾರ್. ಬಣ್ಣದ್ದಲ್ಲ. ನಿಮ್ಮ ಕಣ್ಣು ಬಂದ ಬೆಳಕನ್ನು ಆಗಿಂದಾಗ್ಗೆ ಖರ್ಚು ಮಾಡುತ್ತೆ. ನನ್ನ ಕ್ಯಾಮೆರಾ ಕೂಡಿಡುತ್ತೆ.”

“ಬ್ಯಾಂಕಿನವರು ಇಲ್ಲೇ ಇದ್ದಾರೆ, ಬಡ್ಡಿ ಎಷ್ಟು ಅಂತ ಕೇಳಿಬಿಡಿ.”

ನನ್ನ ಓಟು ಮೇಷ್ಟ್ರಿಗೆ. ಆದರೆ ಡಾಕ್ಟರಮ್ಮನ ಚಿತ್ರ ನನ್ನ ಮನೆಯ ಗೋಡೆಯ ಮೇಲಿದೆ. ಮೇಷ್ಟ್ರ ಕೊಳವೆಯಲ್ಲಿ ಕಂಡದ್ದನ್ನು ನಾನು ಯಾರಿಗೂ ತೋರಿಸಲಾರೆ.

ಹನ್ನೆರಡು. ಚಳಿ ಅನ್ನುವಷ್ಟಿಲ್ಲ, ಗಾಳಿಗೆ ಒಂದು ಶಾಲು ಸಾಕು. ಕನ್ಯಾ ರಾಶಿಯ ಗೆಲಾಕ್ಸಿಗಳು ನೆತ್ತಿಗೆ ಬರುತ್ತಿವೆ. ನಮ್ಮ ಅಕ್ಷಾಂಶದ ಪುಣ್ಯ ಇದು: ಇಡೀ ರಾತ್ರಿಯ ಅತಿ ಮಸುಕಾದ ಗುಂಪು ಸರಿಯಾಗಿ ತಲೆಯ ಮೇಲೆ ಹಾಯುತ್ತದೆ, ಗಾಳಿಯ ಪದರ ಅತಿ ತೆಳ್ಳಗಿರುವಲ್ಲಿ. ಪಾಪವೂ ಇದೆ. ಮೇಷ್ಟ್ರ ಕೊಳವೆ ಡಾಬ್ಸೋನಿಯನ್ ಮಾದರಿಯದು, ಹಲಗೆಯ ಪೆಟ್ಟಿಗೆಯಲ್ಲಿ ಫಿರಂಗಿಯ ಹಾಗೆ ಎತ್ತಿ ಇಳಿಸಿ ತಿರುಗಿಸುವುದು. ನೆತ್ತಿಗೆ ಗುರಿಯಿಟ್ಟರೆ ಎತ್ತ ತಿರುಗಿಸಿದರೂ ಅದು ನಿಂತಲ್ಲೇ ಗಿರಗಿಟ್ಟಲೆ ಆಡುತ್ತದೆ. ಈ ಮಾದರಿ ಹುಟ್ಟಿಸಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯಲ್ಲಿ ರಾಮಕೃಷ್ಣ ಪರಂಪರೆಯ ಸನ್ಯಾಸಿಯಾಗಿದ್ದವರು. ಹಳೆಯ ಹಡಗಿನ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ದಾರಿಹೋಕರನ್ನು ಕರೆದು ಕರೆದು ಆಕಾಶ ತೋರಿಸುತ್ತಿದ್ದರು. ಈ ಗೀಳೇ ದೊಡ್ಡದಾಗಿ 1967ರಲ್ಲಿ ಮಠದಿಂದ ಹೊರಬೀಳಬೇಕಾಯಿತು. ಆಮೇಲೆ ರಸ್ತೆಯ ಅಂಚೇ ಮಠವಾಯಿತು. ಮೇಷ್ಟ್ರು ಅವರ ಮಾತು ಬಂದಾಗಲೆಲ್ಲ ‘ಸ್ವಾಮಿಗಳು’ ಅನ್ನುತ್ತಾರೆ.

ಈಗ ನಿಮ್ಮ ಸರದಿ. ಸ್ಟೂಲಿನ ಮೇಲೆ ಹತ್ತಿ. ಎಂ 87. ಕಣ್ಣಿಟ್ಟಿರಿ. ಏನು ಕಾಣುತ್ತಿದೆ?

ಕಪ್ಪು. ನಾಲ್ಕೈದು ನಕ್ಷತ್ರ. ನಿಮ್ಮದೇ ರೆಪ್ಪೆಗೂದಲು.

“ಕಂಡಿತಾ?”

“ಕಂಡಿತು ಸಾರ್.”

ಎಲ್ಲರೂ ಹೀಗೇ ಹೇಳುವುದು. ಹಿಂದೆ ಜನ ಕಾಯುತ್ತಿರುತ್ತಾರೆ, ಮೇಷ್ಟ್ರು ಅಷ್ಟು ಕಷ್ಟಪಟ್ಟು ಹುಡುಕಿರುತ್ತಾರೆ, ಕಾಣಲಿಲ್ಲ ಅನ್ನಲು ಸಂಕೋಚ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ‘ಅರ್ಥ ಆಯ್ತು ಸಾರ್’ ಕೇಳಿದ ಕಿವಿ ಅದು. “ಹೌದಾ? ಗಡಿಯಾರದ ಮುಖ ಅಂದುಕೊಳ್ಳಿ. ಎಷ್ಟು ಗಂಟೆಯ ಕಡೆ ಇದೆ?”

ನೀವು ಸುಮ್ಮನಾದಿರಿ.

“ಕಾಣಲಿಲ್ಲ ಅಂದರೆ ನನಗೇನೂ ಬೇಜಾರಿಲ್ಲ. ಅದನ್ನ ನೋಡೋಕೆ ಹೋಗಬೇಡಿ. ಅಗೋ ಆ ಬಲಗಡೆ ನಕ್ಷತ್ರ ಇದೆಯಲ್ಲ, ಅದನ್ನ ನೋಡಿ. ಗಮನ ಮಾತ್ರ ನಡುವೆ ಇರಲಿ. ಉಸಿರು ಬಿಗಿಹಿಡೀಬೇಡಿ.” ಕಣ್ಣಿನ ನಟ್ಟನಡುವಿನ ಜಾಗ ಬಣ್ಣಕ್ಕೆ, ಓದಿಗೆ ಆಗಿಬಂದದ್ದು, ಕತ್ತಲಿಗೆ ಅದು ಕುರುಡು. ಮಸುಕನ್ನು ಹಿಡಿಯುವ ಕೋಶಗಳು ಅದರ ಸುತ್ತ ಇವೆ. ಓರೆಗಣ್ಣಿಗೆ ಕಾಣುವುದು ನೇರ ನೋಟಕ್ಕೆ ಮಾಯವಾಗುತ್ತದೆ. ಮೇಷ್ಟ್ರು ಕೊಳವೆಯನ್ನು ಬೆರಳ ತುದಿಯಿಂದ ತಟ್ಟಿದರು. ದೃಶ್ಯ ನಡುಗಿತು, ನಡುಗಿದಾಗ ಏನೋ ಒಂದು ನಕ್ಷತ್ರಗಳ ಜೊತೆ ಅಲುಗಿತು. ಅಲುಗಿದ್ದೇ ಕಂಡಿತು. ಕನ್ನಡಿಯ ಮೇಲೆ ಬಿಟ್ಟ ಉಸಿರಿನ ಗುರುತಿನಷ್ಟು. ನೋಡಲು ಹೋದಿರಿ, ಹೋಯಿತು. ಬಲಗಡೆಯ ನಕ್ಷತ್ರಕ್ಕೆ ಮರಳಿದಿರಿ, ಬಂತು.

“ಸಾರ್... ಎಂಟು ಗಂಟೆ. ಎಂಟು ಗಂಟೆಯ ಕಡೆ.”

“ಹ್ಞಾ. ಈಗ ಕಂಡಿತು.”

ಬ್ಯಾಂಕಿನವರು ಗೀಟು ಹಾಕಿದರು. ಐದೂವರೆ ಕೋಟಿ ವರ್ಷದ ಹಿಂದಿನ ಬೆಳಕು. 2019ರಲ್ಲಿ ಮೊದಲ ಬಾರಿಗೆ ಚಿತ್ರ ಬಂದ ಕೃಷ್ಣವಿವರ, ಕಿತ್ತಳೆ ಉಂಗುರದಂಥದು, ಎಲ್ಲ ಪತ್ರಿಕೆಯ ಮುಖಪುಟದಲ್ಲಿ ನೋಡಿದ್ದಿರಲ್ಲ, ಅದು ಈ ಉಸಿರಿನ ಗುರುತಿನ ನಡುವೆಯೇ ಇದೆ. ತೂಕ 650 ಕೋಟಿ ಸೂರ್ಯರಷ್ಟು. ಇದನ್ನೆಲ್ಲ ಮೇಷ್ಟ್ರು ಮೊದಲೇ ಹೇಳುವುದಿಲ್ಲ. ಕಂಡ ಮೇಲೆ ಹೇಳುತ್ತಾರೆ.

ಒಂದು ಗಂಟೆಗೆ ಡಾಕ್ಟರಮ್ಮನ ಕಡೆಯಿಂದ “ಅಯ್ಯೋ” ಕೇಳಿಸಿತು. ಗುರಿ ನೆತ್ತಿ ದಾಟಿದೆ. ನೆತ್ತಿ ದಾಟಿದಾಗ ಯಂತ್ರ ತನ್ನ ಮೈಯನ್ನೇ ಮಗುಚಿ ಇನ್ನೊಂದು ಮಗ್ಗುಲಿನಿಂದ ನೋಡಬೇಕು, ಇಲ್ಲದಿದ್ದರೆ ಕೊಳವೆ ಸ್ಟ್ಯಾಂಡಿಗೆ ಗುದ್ದುತ್ತದೆ. ಮಗುಚುವಾಗ ಒಂದು ವೈರು ಕಂಬಿಗೆ ಸಿಕ್ಕಿ ಕಿತ್ತುಬಂದಿದೆ, ಪುಟ್ಟ ಕ್ಯಾಮೆರಾ ಕುರುಡಾಗಿದೆ. ಕೊನೆಯ ನಾಲ್ಕು ಪಟದಲ್ಲಿ ನಕ್ಷತ್ರಗಳೆಲ್ಲ ಶಾವಿಗೆ. ಹುಡುಗರು ತಮ್ಮ ಕ್ಯಾಮೆರಾ ಬಿಟ್ಟು ಓಡಿದರು. ಒಬ್ಬ ಬಾಯಲ್ಲಿ ಟಾರ್ಚು ಕಚ್ಚಿ ಹಿಡಿದಿದ್ದಾನೆ, ಇನ್ನೊಬ್ಬ ತನ್ನ ವೈರನ್ನೇ ಕಳಚಿ ಕೊಡುತ್ತಿದ್ದಾನೆ. ಅಂದರೆ ಅವನ ರಾತ್ರಿ ಇಲ್ಲಿಗೆ ಮುಗಿಯಿತು. ಅದನ್ನು ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಅವರು ಅಲ್ಲಿ ಒದ್ದಾಡಲಿ, ನೀವು ಎದ್ದು ನಿಂತು ಒಮ್ಮೆ ಉತ್ತರಕ್ಕೆ ನೋಡಿ, ಒಮ್ಮೆ ದಕ್ಷಿಣಕ್ಕೆ. ಉತ್ತರದಲ್ಲಿ ಸಪ್ತರ್ಷಿಗಳು, ವಸಿಷ್ಠನ ಮಗ್ಗುಲಲ್ಲಿ ಅರುಂಧತಿ, ಕೆಳಗೆ ಒಂಟಿಯಾಗಿ ಧ್ರುವ. ದಕ್ಷಿಣದಲ್ಲಿ ಗುಡ್ಡದ ಅಂಚಿನ ಮೇಲೆ ನೆಟ್ಟಗೆ ನಿಂತ ಗಾಳಿಪಟದಂಥ ನಾಲ್ಕು ನಕ್ಷತ್ರ. ತ್ರಿಶಂಕು. ಅದರ ಬುಡದ ನಕ್ಷತ್ರವೂ ಧ್ರುವನೂ ಈ ಹೊತ್ತಿನಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರ. ಯೂರೋಪಿನವರಿಗೆ ತ್ರಿಶಂಕು ಇಲ್ಲ, ಆಸ್ಟ್ರೇಲಿಯಾದವರಿಗೆ ಧ್ರುವ ಇಲ್ಲ. ಲಡಾಖಿನ ಹಾನ್ಲೆಗೆ ಹೋಗಿಬಂದವರು ನಮ್ಮ ಮುಂದೆ ಬಹಳ ಜಂಬ ಕೊಚ್ಚುತ್ತಾರೆ: 4,500 ಮೀಟರ್ ಎತ್ತರ, ದೇಶ ಕಾಪಿಟ್ಟ ಕತ್ತಲು, ಎರಡು ಮೀಟರಿನ ದೂರದರ್ಶಕ. ಆ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ ಅನ್ನುವುದನ್ನು ನಾವು ತಿರುಗಿಸಿ ಹೇಳುತ್ತೇವೆ. ಆಮೇಲೆ, ಅಲ್ಲಿ ತ್ರಿಶಂಕು ಪೂರ್ತಿ ಏಳುತ್ತದೆಯೇ ಎಂದೂ ಕೇಳುತ್ತೇವೆ.

ತ್ರಿಶಂಕುವಿನ ಎಡಕ್ಕೆ, ಮೇಲೆ, ಬರಿಗಣ್ಣಿಗೇ ಮಸುಕಾದ ಒಂದು ನಕ್ಷತ್ರ. ಬೈನಾಕ್ಯುಲರ್ ತಗೊಳ್ಳಿ. ನಕ್ಷತ್ರವಲ್ಲ, ಒಂದು ಕೋಟಿ ನಕ್ಷತ್ರ ಹಿಡಿ ಕಟ್ಟಿದ ರಾಗಿಯ ಉಂಡೆ, ಒಮೇಗಾ ಸೆಂಟಾರಿ. ಮೆಸ್ಸಿಯೆಯ ಪಟ್ಟಿಯಲ್ಲಿ ಇದಕ್ಕೆ ನಂಬರಿಲ್ಲ. ಪ್ಯಾರಿಸ್ಸಿನಿಂದ ಅವನಿಗೆ ಇದು ಕಾಣಲೇ ಇಲ್ಲ. ನಮ್ಮ ಆಕಾಶಗಂಗೆಯ ಇಂಥ ಉಂಡೆಗಳಲ್ಲೆಲ್ಲ ದೊಡ್ಡದನ್ನು ಬಿಟ್ಟು, ಎಂ 40 ಎಂದು ಬರೀ ಎರಡು ನಕ್ಷತ್ರಕ್ಕೆ ನಂಬರು ಕೊಟ್ಟಿದ್ದಾನೆ. ಬ್ಯಾಂಕಿನವರು ರಟ್ಟಿನ ಅಂಚಿನಲ್ಲಿ ‘ಹೆಚ್ಚುವರಿ’ ಎಂದು ಬರೆದುಕೊಂಡರು.

ಎರಡೂ ಕಾಲಿಗೆ ಮುಖಕ್ಕೆ ರಾಚುವಂತೆ ಟಾರ್ಚ್ ಬೆಳಕು. “ಯಾರದು! ಲೈಟ್ ಕೆಳಗೆ!” ಐದು ಗಂಟಲು ಒಟ್ಟಿಗೆ.

“ನಾನೇ ಸಾಮಿ, ನಾನೇ.” ಗೌಡ್ರು. ತ್ರೀಫೇಸ್ ಕರೆಂಟು ಈಗ ಬಂದಿದೆ, ಮೋಟಾರು ಹಾಕಿ ಅಡಿಕೆಗೆ ನೀರು ತಿರುಗಿಸಲು ಬಂದವರು. ಹೊಲವೂ ಅವರದೇ, ಕತ್ತಲೂ ಅವರದೇ, ಬೈದವರು ನಾವು. ಎಲ್ಲರಿಗೂ ನಾಚಿಕೆಯಾಗಿ ಮೇಷ್ಟ್ರು ಚಹಾ ಸುರಿದು ಕೊಟ್ಟರು. ದೂರದಲ್ಲಿ ಸ್ಟಾರ್ಟರು ಗುಯ್‌ಗುಟ್ಟಿ, ಪೈಪು ಕೆಮ್ಮಿ, ನೀರು ಬಿತ್ತು.

“ಅಮಾಸೆ ರಾತ್ರಿ ನಮ್ಮೋರು ಹೊಲದ ಕಡೀಕೇ ಬರಲ್ಲ. ನೀವಿದ್ದೀರಲ್ಲ ಅಂತ ಧೈರ್ಯ ಮಾಡಿ ಬಂದೆ,” ಅಂದರು ಗೌಡ್ರು. ಆಮೇಲೆ ಮೇಲೆ ನೋಡಿ, “ಈ ಪಾಟಿ ಅವಲ್ಲ ಸಾರ್, ಇದ್ರಾಗೆ ಯಾವ್ದು ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ ನಿಮಗೆ?”

“ನಿಮಗೂ ಗೊತ್ತು ಗೌಡ್ರೇ,” ಅಂದರು ಮೇಷ್ಟ್ರು. ಹಸಿರು ಲೇಸರು ಪಶ್ಚಿಮದ ಒಂದು ನಕ್ಷತ್ರಕ್ಕೆ ನೆಟ್ಟಿತು. “ಇದು ಮಘೆ.”

“ಮಘೆ? ಮಘೆ ಮಳೇನಾ?”

“ಅದೇ ಮಘೆ. ಇಲ್ಲಿ ಬನ್ನಿ, ಹುಬ್ಬೆ. ಇದು ಉತ್ತರೆ. ಇಗೋ ಈ ಐದು, ಕೈ ಬೆರಳಿನ ಹಾಗೆ, ಹಸ್ತ. ಈ ಬಿಳೀದು ಚಿತ್ತೆ. ಆ ಕಿತ್ತಳೆ ಬಣ್ಣದ್ದು ಸ್ವಾತಿ.”

ಲೇಸರಿನ ಗೆರೆ ಪಶ್ಚಿಮದಿಂದ ಪೂರ್ವಕ್ಕೆ ನಿಧಾನವಾಗಿ ಹಾಯಿತು. ಆಗಸ್ಟ್ ನಡುವಿನಿಂದ ನವೆಂಬರ್ ಮೊದಲವರೆಗಿನ ಮಳೆಗಳು ಅಷ್ಟೂ ಒಂದೇ ಸಾಲಿನಲ್ಲಿ ನೆತ್ತಿಯ ಮೇಲೆ. ಗೌಡ್ರ ಕೈಯಲ್ಲಿ ಲೋಟ ಹಾಗೇ ನಿಂತಿತ್ತು. ಈ ಹೆಸರುಗಳನ್ನು ಅವರು ಹುಟ್ಟಿದಾಗಿನಿಂದ ಹೇಳಿದ್ದಾರೆ. ಬಿತ್ತಿದ್ದು, ಕಿತ್ತಿದ್ದು, ಸಾಲ ಮಾಡಿದ್ದು ಎಲ್ಲ ಈ ಹೆಸರುಗಳ ಲೆಕ್ಕದ ಮೇಲೆ. ನಾಳೆ ಬೆಳಗ್ಗೆ ಪಂಚಾಂಗ ಓದುವಾಗ ಮತ್ತೆ ಕೇಳುವವರಿದ್ದಾರೆ.

“ಮಳೆ ಬರೋವಾಗ ಇವು ಎಲ್ಲಿರ್ತವೆ?”

“ಸೂರ್ಯ ಇವುಗಳ ಹತ್ತಿರ ಬಂದಾಗಲೇ ಆ ಮಳೆಗೆ ಆ ಹೆಸರು. ಹುಬ್ಬೆ ಮಳೆಯಲ್ಲಿ ಹುಬ್ಬೆ ನಕ್ಷತ್ರ ಹಗಲೆಲ್ಲ ಸೂರ್ಯನ ಜೊತೆಗೇ ಇರುತ್ತೆ, ರಾತ್ರಿಗೆ ಕಾಣಲ್ಲ.”

ಗೌಡ್ರು ಚಹಾ ಮುಗಿಸಿದರು. “ಹಂಗಾರೆ ಮಳೆ ಇದ್ದಾಗ ನಕ್ಷತ್ರ ಇಲ್ಲ, ನಕ್ಷತ್ರ ಇದ್ದಾಗ ಮಳೆ ಇಲ್ಲ ಅನ್ನಿ.” ಸ್ವಲ್ಪ ಹೊತ್ತು ಬಿಟ್ಟು, “ಹೋದ ಸಲ ಹುಬ್ಬೆ ಕೈ ಕೊಡ್ತು” ಅಂದರು, ಅದೇ ನಕ್ಷತ್ರದ ಕಡೆ ನೋಡುತ್ತಾ. ಆ ನೋಟದಲ್ಲಿ ಕೌತುಕಕ್ಕಿಂತ ತಕರಾರು ಹೆಚ್ಚಿತ್ತು. ನೀರು ನೋಡಲು ಎದ್ದುಹೋದರು, ಟಾರ್ಚು ಹಾಕದೆ.

ಮೂರೂವರೆಯಿಂದ ಐದರವರೆಗೆ ಯಾರನ್ನೂ ಮಾತಾಡಿಸಬೇಡಿ. ವೃಶ್ಚಿಕ ಎದ್ದು ನಿಂತಿದೆ, ಅದರ ಬಾಲದ ಹಿಂದೆ ಆಕಾಶಗಂಗೆ ಒಲೆಯ ಹೊಗೆಯಂತೆ ಆಗ್ನೇಯದಿಂದ ಏಳುತ್ತಿದೆ. ಪಟ್ಟಿಯಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆ ಅಲ್ಲೇ, ತೋಟದಲ್ಲಿ ಕಾಯಿ ಉದುರಿದ ಹಾಗೆ. ಆರು, ಏಳು, ಎಂಟು, ಇಪ್ಪತ್ತು, ಇಪ್ಪತ್ತೊಂದು, ಹದಿನೇಳು, ಇಪ್ಪತ್ತೆರಡು. ಮೇಷ್ಟ್ರ ದನಿ ಕಟ್ಟಿದೆ. ಬ್ಯಾಂಕಿನವರು ಎರಡು ಸಲ ತೂಕಡಿಸಿ ಪೆನ್ಸಿಲು ಬೀಳಿಸಿದ್ದಾರೆ. ನಿಮಗೂ ಕಣ್ಣೆಳೆಯುತ್ತಿದೆ, ಚಾಪೆಯ ಮೇಲೆ ಮಲಗಿ, ಬರಿಗಣ್ಣಲ್ಲಿ ಹೊಗೆ ನೋಡುತ್ತಾ ಇರಿ. ಒಂದು ಉಪಗ್ರಹಗಳ ಸಾಲು ರೈಲು ಬೋಗಿಗಳಂತೆ ಸರಿದುಹೋಯಿತು. ಅದು ಬಿದ್ದ ಪಟಗಳಲ್ಲಿ ಬಿಳಿ ಗೀರು ಉಳಿಯುತ್ತದೆ. ಪರವಾಗಿಲ್ಲ, ಪೇರಿಸುವಾಗ ಒಂದೇ ಪಟದಲ್ಲಿದ್ದು ಬೇರೆಯವುಗಳಲ್ಲಿ ಇಲ್ಲದ್ದನ್ನು ತಂತ್ರಾಂಶ ಕಿತ್ತುಹಾಕುತ್ತದೆ.

ಐದೂ ಹತ್ತು. ಪೂರ್ವದಲ್ಲಿ ಕಪ್ಪು ತುಸು ಸಡಿಲಾಗಿದೆ. “ಎಪ್ಪತ್ಮೂರು ಆಯ್ತು. ಮೂವತ್ತು ಉಳೀತು.” ಮೇಷ್ಟ್ರು ಬಗ್ಗಿದರು. ಎಲ್ಲೋ ಕೋಳಿ ಕೂಗಿತು. ಬೇವಿನ ಮರದಲ್ಲಿ ಮೊದಲ ಹಕ್ಕಿ. “ಇದೆ,” ಅಂದರು, ಎದ್ದು, ನಿಮಗೆ ಜಾಗ ಬಿಟ್ಟು. ಒಂದು ಮುಷ್ಟಿ ಎತ್ತರದಲ್ಲಿ, ಬೆಳಗಾಗುತ್ತಿರುವ ನೀಲಿಯಲ್ಲಿ ಕರಗುವ ಮೊದಲಿನ ಸಕ್ಕರೆಯಂಥ ಎಂ 30. ನೀವು ಸುಳ್ಳು ಹೇಳಲಿಲ್ಲ. ನಾಲ್ಕು ಗಂಟೆಯ ಕಡೆ ಇತ್ತು.

ಐವತ್ತೆರಡು ಮಾತ್ರ ಈಶಾನ್ಯದ ಗುಡ್ಡದ ಮರೆಯಲ್ಲೇ ಉಳಿಯಿತು. ಬ್ಯಾಂಕಿನವರು ರಟ್ಟನ್ನು ಎರಡು ಸಲ ಎಣಿಸಿದರು. ನೂರಾ ಏಳು.

ಬೆಳಕು ಹರಿಯುತ್ತಿದ್ದಂತೆ ಡಾಕ್ಟರಮ್ಮ ಅವಸರದಲ್ಲಿ ಏನನ್ನೋ ಹುಡುಕತೊಡಗಿದರು. ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಬೆಳಗಿನ ಆಕಾಶದ ಕಡೆ ತಿರುಗಿಸಿ ಇಪ್ಪತ್ತು ಮೂವತ್ತು ಪಟ ತೆಗೆಯಬೇಕು. ಬೆಳಕಿನ ದಾರಿಯಲ್ಲಿ ಕೂತ ಧೂಳು, ಅಂಚಿನ ಕಪ್ಪು ಎಲ್ಲಿದೆಯೆಂದು ಅದರಲ್ಲಿ ಗೊತ್ತಾಗುತ್ತದೆ. ರಾತ್ರಿಯ ಪಟಗಳಿಂದ ಅದನ್ನು ತೆಗೆದುಹಾಕಬಹುದು. ಈ ಕೆಲಸಕ್ಕೆ ತಂದಿದ್ದ ಬಿಳಿ ಟೀ ಶರ್ಟನ್ನು ಹುಡುಗರಲ್ಲಿ ಒಬ್ಬ ಚಳಿಗೆ ಹಾಕಿಕೊಂಡು ಮಂಡಕ್ಕಿಯ ಎಣ್ಣೆ ಒರೆಸಿದ್ದಾನೆ.

ಗೌಡ್ರು ಮಾವಿನ ಸೊಪ್ಪು, ಬೇವಿನ ಹೂವಿನ ಕಟ್ಟು ಹಿಡಿದು ತೋಟದಿಂದ ಬಂದರು. ಸಂಗತಿ ಕೇಳಿ, ಮನೆಗೆ ಹೋಗಿ, ಹಬ್ಬಕ್ಕೆಂದು ಒಗೆದು ಮಡಿಸಿಟ್ಟಿದ್ದ ಪಂಚೆ ತಂದುಕೊಟ್ಟರು. ಡಾಕ್ಟರಮ್ಮ ಅದನ್ನು ಎರಡು ಪದರ ಮಾಡಿ ಕೊಳವೆಯ ಬಾಯಿಗೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದರು. ಕ್ಯಾಮೆರಾ ಟಿಕ್ಕೆನ್ನತೊಡಗಿತು.

ಗೌಡ್ರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದರು.

“ಅಲ್ಲಾ ತಾಯಿ, ರಾತ್ರಿಯೆಲ್ಲ ಅಷ್ಟ್ ನಕ್ಷತ್ರ ಇದ್ವಲ್ಲ. ಈಗ ನನ್ ಪಂಚೆ ಫೋಟೋ ಯಾಕ್ ತೆಗೀತಿದೀರಿ?”